ಗೋಡೆಯ ಮೇಲಿನ ಸಾವನದುರ್ಗ

ನಮ್ಮ ಸಂಘದ ಮಿತ್ರರೊಬ್ಬರು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಹೊಸ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದರು. ಪೂಜೆ ಮುಗಿದು ಹೋಳಿಗೆ ಊಟವೂ ಆದ ಮೇಲೆ ಎಲ್ಲರನ್ನೂ ಲೀವಿಂಗ್ ರೂಮಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿದ್ದ ದೊಡ್ಡದೊಂದು ತೈಲಚಿತ್ರವನ್ನು ಅಭಿಮಾನದಿಂದ ತೋರಿಸಿದರು. ಸುವರ್ಣ ಬಣ್ಣದ ಫ್ರೇಮು. ಅದರೊಳಗೆ ಆಕಾಶಕ್ಕೆ ಎದ್ದು ನಿಂತ ಒಂದು ಬಂಡೆಯ ಬೆಟ್ಟ, ಮುಂದೆ ಒಂದಿಷ್ಟು ಕಾಡು, ಒಂದು ಮೂಲೆಯಲ್ಲಿ ಮೂರು ನಾಲ್ಕು ಪುಟ್ಟ ಮನುಷ್ಯರು. ಇನ್ನೂರು ವರ್ಷಕ್ಕೂ ಹಿಂದಿನ ಚಿತ್ರದ ಕೈಬರಹದ ನಕಲು, ಅಂಚೆಯಲ್ಲಿ ತರಿಸಿದ್ದಂತೆ. ಕೆಳಗೆ ಹಿತ್ತಾಳೆಯ ತಗಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸೆವೆನ್‌ಡ್ರೂಗ್' ಎಂದು ಬರೆದಿತ್ತು.

ಊರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅವರ ತಾಯಿಯವರು ಮಾಗಡಿ ಸೀಮೆಯವರು. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರು. "ಏನಪ್ಪಾ, ಇದು ನಮ್ ಸಾವಂದುರ್ಗ ಅಲ್ವೇ?" ಎಂದರು. ಮಗನಿಗೆ ಬಲು ಸಂತೋಷ. "ಹೂಂ ಕಣವ್ವಾ, ಅದೇ" ಎಂದ. ಆಕೆ ಇನ್ನೂ ಸ್ವಲ್ಪ ಹೊತ್ತು ನೋಡಿ, "ಮತ್ತೆ ಬಂಡೆಗ್ಯಾಕೆ ಹಿಂಗೆ ಸುಣ್ಣ ಬಳ್ದವ್ರೆ? ಗುಡಿ ಎಲ್ಲೋಯ್ತು?" ಎಂದು ಕೇಳಿದರು.

ಎಲ್ಲರೂ ನಕ್ಕೆವು. ಮನೆಗೆ ಬರುವಾಗ ಕಾರಿನಲ್ಲಿ ಮಾತ್ರ ಆ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಬೆಟ್ಟದ ಆಕಾರವನ್ನು ಆಕೆ ಕ್ಷಣದಲ್ಲಿ ಗುರುತು ಹಿಡಿದರು, ಬಣ್ಣವನ್ನು ಒಪ್ಪಲಿಲ್ಲ. ಒಂದೇ ಚಿತ್ರದಲ್ಲಿ ಆಕಾರ ನಿಜವಾಗಿದ್ದು ಬಣ್ಣ ಸುಳ್ಳಾಗುವುದು ಹೇಗೆ? ಇದನ್ನು ಹಿಂಬಾಲಿಸಿ ಹೊರಟಾಗ ಸಿಕ್ಕಿದ ಸಂಗತಿಗಳನ್ನು ಈ ಸಂಚಿಕೆಯ ಓದುಗರೊಂದಿಗೆ ಹಂಚಿಕೊಳ್ಳೋಣವೆಂದು ಈ ಲೇಖನ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂಥ ಚಿತ್ರಗಳು ಇರುವುದರಿಂದ ಇದು ಕೇವಲ ಒಬ್ಬ ಮಿತ್ರರ ಮನೆಯ ವಿಷಯವಲ್ಲ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಗೆಹರಿಸಿಬಿಡುತ್ತೇನೆ. ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ 1784ರಲ್ಲಿ ಕಟ್ಟಿದ 'ಸೆವರ್ನ್‌ಡ್ರೂಗ್ ಕ್ಯಾಸಲ್' ಎಂಬ ಗೋಪುರವಿದೆ. ಅದಕ್ಕೂ ನಮ್ಮ ಸಾವನದುರ್ಗಕ್ಕೂ ಸಂಬಂಧವಿಲ್ಲ. ಅದು ಕೊಂಕಣ ತೀರದ ಸುವರ್ಣದುರ್ಗದ ಹೆಸರು; 1755ರಲ್ಲಿ ಆ ಕೋಟೆಯನ್ನು ಹಿಡಿದ ವಿಲಿಯಂ ಜೇಮ್ಸ್ ಎಂಬ ನೌಕಾಧಿಕಾರಿಯ ನೆನಪಿಗೆ ಅವನ ಹೆಂಡತಿ ಕಟ್ಟಿಸಿದ್ದು. ಇಂಗ್ಲಿಷರ ನಾಲಗೆಯಲ್ಲಿ ನಮ್ಮ ದುರ್ಗಗಳೆಲ್ಲ 'ಡ್ರೂಗ್'ಗಳಾಗಿ ಒಂದೇ ತರಹ ಕೇಳಿಸುತ್ತವೆ. ಹುತ್ರಿದುರ್ಗ 'ಊತ್ರಾಡ್ರೂಗ್', ನಂದಿದುರ್ಗ 'ನಂಡಿಡ್ರೂಗ್', ಹೊಸೂರು 'ಔಸೂರ್'. ಹಳೆಯ ಚಿತ್ರ ಕೊಳ್ಳುವವರು ಈ ಕಾಗುಣಿತವನ್ನು ಒಂದಿಷ್ಟು ಅಭ್ಯಾಸ ಮಾಡಿಕೊಂಡಿರುವುದು ಒಳ್ಳೆಯದು.

ಈ ಚಿತ್ರಗಳು ಹುಟ್ಟಿದ್ದು ಯುದ್ಧದಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ ಮಾರ್ಚ್ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಮಡಿದ. ಕೋಟೆಯೊಳಗೆ ಸತ್ತವರು ಸಾವಿರಕ್ಕೂ ಹೆಚ್ಚು. ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಮತ್ತೆ ಮೂರು ದಿನಕ್ಕೆ ಹುತ್ರಿದುರ್ಗ ಬಿದ್ದವು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿದ. ಅದು ತೀರುವ ತನಕ ಅವನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳು. ಇದು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಆದರೆ ಆ ಸೈನ್ಯದೊಡನೆ ಕುಂಚ, ಪೆನ್ಸಿಲ್ಲು ಹಿಡಿದವರೂ ನಡೆದಿದ್ದರು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅವರಲ್ಲಿ ವೃತ್ತಿಯಿಂದ ಚಿತ್ರಕಾರನಾಗಿದ್ದವನು ರಾಬರ್ಟ್ ಹೋಮ್. 1791ರಲ್ಲಿ ಮದರಾಸಿಗೆ ಬಂದಿಳಿದವನು ಸೈನ್ಯವನ್ನು ಕೂಡಿಕೊಂಡ. ಅವನ ರೇಖಾಚಿತ್ರಗಳಿಂದ ಮಾಡಿದ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಎಂಬ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಉಳಿದವರು ಸೈನಿಕರೇ. ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಭೂಮಾಪನದವನು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಮೈಸೂರು ಸೀಮೆಯ ಹನ್ನೆರಡು ನೋಟಗಳನ್ನು ಬರೆದ. ಕ್ಯಾಪ್ಟನ್ ಅಲೆಕ್ಸಾಂಡರ್ ಅಲನ್ 1794ರಲ್ಲಿ ಇನ್ನೊಂದು ಸಂಪುಟ ತಂದ. ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬೆಂಗಳೂರಿನ ಅರಮನೆ, ಬೀದಿ, ಮಸೀದಿಗಳನ್ನು ಬರೆದ. ಇವರ ಹಿಂದೆಯೇ, ದೇಶದಲ್ಲಿ ಶಾಂತಿ ನೆಲಸಿತೆಂದು ತಿಳಿದೊಡನೆ, 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಕಲ್ಕತ್ತೆಯಿಂದ ಮದರಾಸಿಗೆ ಬಂದು ಸೈನ್ಯ ನಡೆದ ಜಾಡಿನಲ್ಲೇ ಬಾರಾಮಹಲಿನ ಬೆಟ್ಟದ ಕೋಟೆಗಳನ್ನೂ ಹೊಸೂರನ್ನೂ ಬರೆದುಕೊಂಡು ಕನ್ಯಾಕುಮಾರಿಯವರೆಗೆ ಹೋದರು. ಅವರ 'ಓರಿಯಂಟಲ್ ಸೀನರಿ' 1795ರಿಂದ 1808ರವರೆಗೆ ಆರು ಭಾಗಗಳಲ್ಲಿ, 144 ಚಿತ್ರಗಳಾಗಿ ಪ್ರಕಟವಾಯಿತು. ಭಾರತವೆಂದರೆ ಹೀಗಿರುತ್ತದೆ ಎಂದು ಯೂರೋಪಿನವರಿಗೆ ಕಲಿಸಿದ ಚಿತ್ರಗಳಲ್ಲಿ ಇವಕ್ಕೆ ಮೊದಲ ಸ್ಥಾನ.

ಸೈನಿಕರಿಗೆ ಚಿತ್ರ ಬರೆಯುವ ಹವ್ಯಾಸವೇ ಎಂದು ಆಶ್ಚರ್ಯಪಡಬೇಕಿಲ್ಲ. ಫೋಟೋ ಇಲ್ಲದ ಕಾಲ. ಕೋಟೆಯ ಗೋಡೆ ಎಲ್ಲಿ ತಗ್ಗಿದೆ, ಬೆಟ್ಟಕ್ಕೆ ಹತ್ತುವ ದಾರಿ ಯಾವ ಕಡೆ, ಫಿರಂಗಿ ಎಲ್ಲಿ ಇಡಬಹುದು ಎಂಬುದನ್ನು ಕೈಯಿಂದಲೇ ಬರೆದು ತೋರಿಸಬೇಕಿತ್ತು. ವೂಲ್ವಿಚ್‌ನ ಸೈನಿಕ ಅಕಾಡೆಮಿಯಲ್ಲಿ ಅದಕ್ಕಾಗಿಯೇ ಪಾಲ್ ಸ್ಯಾಂಡ್‌ಬಿಯಂಥ ಹೆಸರಾಂತ ಕಲಾವಿದನನ್ನು ಚಿತ್ರಕಲೆಯ ಮೇಷ್ಟರಾಗಿ ಇಟ್ಟಿದ್ದರು. ಸರ್ವೆಯವನ ಕೈ ಬೆಟ್ಟದ ರೇಖೆಯಲ್ಲಿ ತಪ್ಪುವಂತಿರಲಿಲ್ಲ. ತಪ್ಪಿದರೆ ಸಿಪಾಯಿಗಳು ಸಾಯುತ್ತಿದ್ದರು. ಡೇನಿಯಲ್‌ಗಳು ಕೂಡ ಕ್ಯಾಮೆರಾ ಅಬ್‌ಸ್ಕ್ಯುರಾ ಎಂಬ ಕತ್ತಲೆ ಪೆಟ್ಟಿಗೆಯಲ್ಲಿ ದೃಶ್ಯದ ಬಿಂಬ ಬೀಳಿಸಿ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಮಾಗಡಿಯ ತಾಯಿಯವರು ಎರಡು ಶತಮಾನ ದಾಟಿಯೂ ತಮ್ಮ ಬೆಟ್ಟವನ್ನು ಥಟ್ಟನೆ ಗುರುತಿಸಿದ್ದು ಇದರಿಂದ.

ಈಗ ಬಣ್ಣದ ಮಾತಿಗೆ ಬರುತ್ತೇನೆ. ಸ್ಥಳದಲ್ಲಿ ಬರೆದ ಪೆನ್ಸಿಲ್ ಮತ್ತು ಜಲವರ್ಣದ ಚಿತ್ರ ಒಂದೇ ಒಂದು. ಅದನ್ನು ನೂರಾರು ಮನೆಗಳಿಗೆ ಮುಟ್ಟಿಸಲು ಆಗ ಇದ್ದ ಒಂದು ಉಪಾಯ ಅಕ್ವಾಟಿಂಟ್ ಎಂಬ ಅಚ್ಚಿನ ವಿಧಾನ. ಇಂಗ್ಲೆಂಡಿನಲ್ಲಿ ಅದನ್ನು ಬಳಕೆಗೆ ತಂದವನೂ ಇದೇ ಪಾಲ್ ಸ್ಯಾಂಡ್‌ಬಿ, 1775ರ ಸುಮಾರಿಗೆ. ತಾಮ್ರದ ತಗಡಿನ ಮೇಲೆ ನುಣ್ಣಗೆ ರಾಳದ ಪುಡಿ ಉದುರಿಸಿ ಬಿಸಿ ಮಾಡುತ್ತಾರೆ; ಪುಡಿ ಕರಗಿ ಸಣ್ಣ ಸಣ್ಣ ಕಣಗಳಾಗಿ ಅಂಟಿಕೊಳ್ಳುತ್ತದೆ. ನಂತರ ಆಮ್ಲದಲ್ಲಿ ಅದ್ದಿದರೆ ಕಣಗಳ ನಡುವಿನ ತಾಮ್ರವನ್ನು ಆಮ್ಲ ತಿನ್ನುತ್ತದೆ. ಬೆಳ್ಳಗಿರಬೇಕಾದ ಭಾಗಕ್ಕೆ ಅರಗಿನಂಥ ಲೇಪ ಹಚ್ಚಿ ಮುಚ್ಚುತ್ತಾ, ಮತ್ತೆ ಮತ್ತೆ ಅದ್ದುತ್ತಾ ಹೋದರೆ ತೆಳು ನೆರಳಿನಿಂದ ಕಡುಗಪ್ಪಿನವರೆಗೆ ಎಲ್ಲ ಛಾಯೆಗಳೂ ಬರುತ್ತವೆ. ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಜಲವರ್ಣದಂಥದೇ ಮೃದುವಾದ ಚಿತ್ರ. ಆದರೆ ಒಂದೋ ಎರಡೋ ಬಣ್ಣದ ಮಸಿಯಲ್ಲಿ ಮಾತ್ರ. ಆಕಾಶದ ನೀಲಿ, ಮರದ ಹಸಿರು, ರುಮಾಲಿನ ಕೆಂಪು, ಇವೆಲ್ಲ ಆಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದಲೇ ಹಚ್ಚಬೇಕು.

ಹಚ್ಚಿದವರು ಯಾರು? ಲಂಡನ್ನಿನ ಅಚ್ಚಿನ ಅಂಗಡಿಗಳ ಕೋಣೆಗಳಲ್ಲಿ ಸಾಲಾಗಿ ಕುಳಿತ ಕೂಲಿಕಾರರು; ಅವರಲ್ಲಿ ಹೆಂಗಸರೂ ಮಕ್ಕಳೂ ಇರುತ್ತಿದ್ದರು. ಎದುರಿಗೆ ಬಣ್ಣ ಹಚ್ಚಿದ ಒಂದು ಮಾದರಿ ಹಾಳೆ. ಒಬ್ಬರು ಆಕಾಶ ಮುಗಿಸಿ ಪಕ್ಕಕ್ಕೆ ದಾಟಿಸಿದರೆ ಇನ್ನೊಬ್ಬರು ಮರ, ಮತ್ತೊಬ್ಬರು ಜನರ ಬಟ್ಟೆಬರೆ. ಟೆಮ್ಸ್ ನದಿಯ ಮಂಜಿನ ಬೆಳಕಿನಲ್ಲಿ ಕುಳಿತು, ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಾದ ಕಗ್ಗಲ್ಲಿನ ಬಣ್ಣ ಹೇಗಿರುತ್ತದೆಂದು ಅವರಿಗೆ ತಿಳಿಯುವ ಬಗೆಯಾದರೂ ಯಾವುದು? ಮಾದರಿ ಹಾಳೆಯೇ ಅವರ ಪಾಲಿಗೆ ಮೈಸೂರು ದೇಶ. ಅವರ ಹೆಸರು ಎಲ್ಲೂ ಇಲ್ಲ. ಬರೆದವನ ಹೆಸರು ಚಿತ್ರದ ಎಡಕ್ಕೆ, ತಗಡು ಕೆತ್ತಿದವನದು ಬಲಕ್ಕೆ, ಪ್ರಕಾಶಕನ ವಿಳಾಸ ಮಧ್ಯದಲ್ಲಿ. ಕಣ್ಣಿಗೆ ಮೊದಲು ಬೀಳುವ ಬಣ್ಣ ಹಚ್ಚಿದವಳ ಹೆಸರಿಗೆ ಮಾತ್ರ ಜಾಗವಿಲ್ಲ.

ಜೇಮ್ಸ್ ಹಂಟರನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಅವನು 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳನ್ನು ಎಡ್ವರ್ಡ್ ಆರ್ಮ್ ಎಂಬ ಪ್ರಕಾಶಕ 'ಪಿಕ್ಚರೆಸ್ಕ್ ಸೀನರಿ ಇನ್ ದಿ ಕಿಂಗ್‌ಡಮ್ ಆಫ್ ಮೈಸೂರ್' ಎಂಬ ಹೆಸರಿನಲ್ಲಿ, ನಲವತ್ತು ಬಣ್ಣದ ಹಾಳೆಗಳಾಗಿ ಹೊರತಂದದ್ದು 1804-05ರಲ್ಲಿ. ಅಷ್ಟು ಹೊತ್ತಿಗೆ ಟಿಪ್ಪು ಸತ್ತು ಐದು ವರ್ಷ ಕಳೆದಿತ್ತು, ಮೈಸೂರಿನ ಕಥೆಗಳಿಗೆ ಲಂಡನ್ನಿನಲ್ಲಿ ಭಾರಿ ಗಿರಾಕಿ ಇತ್ತು. "ಅಯ್ಯಾ, ಅರಮನೆಯ ಕಂಬ ಆ ಬಣ್ಣವಲ್ಲ" ಎಂದು ಹೇಳಲು ಬರೆದವನೇ ಇರಲಿಲ್ಲ. ಇವತ್ತು ನಾವು ಬೆಂಗಳೂರಿನ ಟಿಪ್ಪು ಅರಮನೆಯ ಹಳೆಯ ರೂಪವೆಂದು ಕ್ಯಾಲೆಂಡರಿನಲ್ಲಿ ನೋಡುವ ಚಿತ್ರಗಳಲ್ಲಿ ಕೆಲವು ಇವೇ.

ಕಂಡದ್ದನ್ನು ಬರೆದವರ ಚಿತ್ರಗಳೇ ಹೀಗಾದರೆ ಕಾಣದೆ ಬರೆದವರದು ಇನ್ನೊಂದು ಅಧ್ಯಾಯ. ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ 1800ರಲ್ಲಿ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಆರೇ ವಾರದಲ್ಲಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ಮುಗಿಬಿದ್ದು ನೋಡಿದರು. ಅವನು ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಮಹಾಕಲಾವಿದ ಟರ್ನರ್ ಬರೆದ ಶ್ರೀರಂಗಪಟ್ಟಣದ ಮುತ್ತಿಗೆಯ ಜಲವರ್ಣ ಇಲ್ಲಿನ ಟೇಟ್ ಸಂಗ್ರಹದಲ್ಲಿದೆ. ಅವನೂ ಕಾವೇರಿಯನ್ನು ಕಂಡವನಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಝ್ಯೂಬರ್ ಕಂಪನಿ 1807ರಲ್ಲಿ 'ಹಿಂದೂಸ್ಥಾನ್' ಎಂಬ ಗೋಡೆಕಾಗದವನ್ನೇ ಮಾಡಿತು. ಡೇನಿಯಲ್‌ಗಳ ಚಿತ್ರಗಳಿಂದ ಗುಡಿ, ಗುಮ್ಮಟ, ಬೆಟ್ಟಗಳನ್ನು ಎತ್ತಿ ಒಟ್ಟಿಗೆ ಪೋಣಿಸಿ ಇಪ್ಪತ್ತು ಹಾಳೆಗಳ ಒಂದೇ ಉದ್ದ ದೃಶ್ಯ. ಅದಕ್ಕೆ 1,265 ಮರದ ಅಚ್ಚುಗಳನ್ನು ಕೆತ್ತಿದ್ದರಂತೆ. ಕೆಲಸ ಬೆರಗು ಹುಟ್ಟಿಸುವಂಥದು, ಅದರ ಭೂಗೋಳ ಮಾತ್ರ ದೇವರಿಗೇ ಪ್ರೀತಿ.

ನಮ್ಮ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭವಾದ ಒಂದು ಜಾಗ ಗ್ಲಾಸ್ಟರ್‌ಷೈರ್‌ನ ಸೆಜಿನ್‌ಕೋಟ್. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್‌ಗಾಗಿ ಅವನ ಸೋದರ ಕಟ್ಟಿದ ಈ ಮನೆಗೆ ಸಲಹೆಗಾರ ಥಾಮಸ್ ಡೇನಿಯಲ್. ಮೊಗಲರ ಗುಮ್ಮಟದ ಮನೆ, ತೋಟದಲ್ಲಿ ಸೂರ್ಯದೇವನ ಗುಡಿ, ಸೇತುವೆಯ ಮೇಲೆ ಸಾಲಾಗಿ ಕುಳಿತ ಬಸವಣ್ಣಗಳು. ಒಂದು ಬೇಸಿಗೆಯಲ್ಲಿ ನಾವು ಮೂರು ಸಂಸಾರ ಸೇರಿ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಮಕ್ಕಳು ಬಸವಣ್ಣನನ್ನು ನೋಡಿ ಕೈಮುಗಿಯಬೇಕೋ ಬೇಡವೋ ಎಂದು ನಮ್ಮ ಮುಖ ನೋಡಿದವು.

ಹಾಗಾದರೆ ಅದೇ ಕಾಲದಲ್ಲಿ ನಮ್ಮವರು ತಮ್ಮ ನಾಡನ್ನು ಹೇಗೆ ಬರೆದುಕೊಂಡರು? ಉತ್ತರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೇ ಇದೆ. 1784ರ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಹೈದರ್, ಟಿಪ್ಪು ಆನೆ ಕುದುರೆಗಳ ನಡುವೆ. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ. ಅಲ್ಲಿ ದೂರದ ಬೆಟ್ಟವಿಲ್ಲ, ಮಂಜು ಮುಸುಕಿದ ದಿಗಂತವಿಲ್ಲ. ಗೋಡೆಯ ತುಂಬ ಮನುಷ್ಯರೇ. ಇಂಗ್ಲಿಷರ ಚಿತ್ರದಲ್ಲಿ ಮನುಷ್ಯ ಬೆಟ್ಟದ ಎತ್ತರ ತೋರಿಸಲು ಇಟ್ಟ ಅಳತೆಗೋಲು. ಇಲ್ಲಿ ಅವನಿಗೆ ಮೀಸೆ, ಕೋಪ, ಹೆಸರು ಎಲ್ಲವೂ ಉಂಟು.

ಆದರೆ ಈ ಚಿತ್ರವೂ ಮೂಲದಂತೆಯೇ ಉಳಿದಿಲ್ಲ. 1799ರ ಮೇಲೆ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಹೊಸದಾಗಿ ಬರೆಸಿದ. ಮತ್ತೆ ಹಾಳಾಯಿತು. 1855ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ, ಹಳೆಯ ಚಿತ್ರ ನೆನಪಿದ್ದ ನಮ್ಮ ದೇಶದ ಕಲಾವಿದನೊಬ್ಬನಿಂದ ಮತ್ತೊಮ್ಮೆ ಬರೆಸಿದರು. ಅಂದರೆ ನಾವು ಸ್ಕೂಲ್ ಟೂರಿನಲ್ಲಿ ಸಾಲು ನಿಂತು ನೋಡಿದ್ದು ನೆನಪಿನಿಂದ ಮಾಡಿದ ನಕಲು. ಇದೇ ಯುದ್ಧದ ಹತ್ತು ದೊಡ್ಡ ಕಾಗದಗಳ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಇಷ್ಟೆಲ್ಲ ಹೇಳಿ ಹೋಮ್, ಕೋಲ್‌ಬ್ರೂಕ್ ಮೊದಲಾದವರನ್ನು ಸುಳ್ಳುಗಾರರೆಂದು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಕೋಟೆಯಲ್ಲಿ ಇವತ್ತು ಉಳಿದಿರುವುದು ಮಾರ್ಕೆಟ್ಟಿನ ಹತ್ತಿರದ ದೆಹಲಿ ಬಾಗಿಲು ಮತ್ತು ಒಂದು ತುಂಡು ಗೋಡೆ. ಕಂದಕ ಎಷ್ಟು ಅಗಲವಿತ್ತು, ಬುರುಜು ಎಲ್ಲಿತ್ತು ಎಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ. ಶ್ರೀರಂಗಪಟ್ಟಣದ ಗುಂಬಜ್ ಸುತ್ತ ಲಾಲ್‌ಬಾಗಿನ ಮರಗಳು ಹೇಗಿದ್ದವು ಎಂಬುದಕ್ಕೂ ಅಷ್ಟೆ. ಆ ಮರಗಳನ್ನು 1792ರಲ್ಲಿ ಮುತ್ತಿಗೆಯ ಕೆಲಸಕ್ಕೆ ಕಡಿದವರು ಅದೇ ಸೈನ್ಯದವರು! ಒಂದು ಕೈ ಮರ ಕಡಿಯುತ್ತಿದ್ದಾಗ ಇನ್ನೊಂದು ಕೈ ಮರವನ್ನು ಬರೆಯುತ್ತಿತ್ತು. ಅಲೆಕ್ಸಾಂಡರ್ ಅಲನ್ ಏಳು ವರ್ಷದ ಮೇಲೆ, 1799ರ ಮೇ 4ರಂದು, ಬಿಳಿ ಬಾವುಟ ಹಿಡಿದು ಶ್ರೀರಂಗಪಟ್ಟಣದ ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳನ್ನು ಶರಣಾಗಲು ಒಪ್ಪಿಸಿದವನು. ಆ ರಾತ್ರಿ ಟಿಪ್ಪುವಿನ ಶವ ಹುಡುಕಿದವರಲ್ಲೂ ಅವನಿದ್ದ. ಹೋಮನ ಪುಸ್ತಕದಲ್ಲಿ ಬೆಂಗಳೂರಿನ ಸ್ಮಶಾನದ ಚಿತ್ರವೊಂದಿದೆ: ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಗೋರಿಗಳು, ಚೆನ್ನಾಗಿ ಬರೆದಿದ್ದಾನೆ. ಕೋಟೆಯೊಳಗೆ ಸತ್ತ ಆ ಸಾವಿರ ಜನರ ಚಿತ್ರವನ್ನು ನಾನು ಎಷ್ಟು ಹುಡುಕಿದರೂ ಕಾಣಲಿಲ್ಲ.

ಕೊಳ್ಳಬೇಕೆನ್ನುವವರಿಗೆ ನನ್ನ ಅಲ್ಪ ಅನುಭವದ ಎರಡು ಮಾತು. ಭೂತಗನ್ನಡಿಯಲ್ಲಿ ನೋಡಿದಾಗ ಒಂದೇ ಅಂತರದ ಚುಕ್ಕೆಗಳ ಸಾಲು ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣ. ತಗಡಿನ ಅಚ್ಚಾದರೆ ಚಿತ್ರದ ಸುತ್ತ ಕಾಗದ ಸ್ವಲ್ಪ ತಗ್ಗಿರುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. 'ವಾಟ್‌ಮನ್' ಎಂಬ ಹೆಸರೂ ಒಂದು ವರ್ಷವೂ ನೀರಚ್ಚಿನಲ್ಲಿ ಕಂಡೀತು. ತಗಡಿನ ಮೇಲೆ 1793 ಎಂದಿದ್ದು ಕಾಗದದಲ್ಲಿ ಬೇರೆ ವರ್ಷವಿದ್ದರೆ ಅದು ಆಮೇಲೆ ಒತ್ತಿದ್ದು. ಹೋಮನ ಪುಸ್ತಕದ ಚಿತ್ರಗಳು ಸಾಮಾನ್ಯವಾಗಿ ಬಣ್ಣವಿಲ್ಲದ ಗೆರೆ ಕೆತ್ತನೆಗಳು. ಬಣ್ಣದ ಹೋಮ್ ಸಿಕ್ಕರೆ, ಪುಸ್ತಕ ಹರಿದು ಹಾಳೆ ಮಾರುವ ವ್ಯಾಪಾರಿಗಳ ಕೈಯಲ್ಲಿ ಬಣ್ಣ ಬಂದಿರುವ ಸಂಭವವೇ ಹೆಚ್ಚು. ಕೊಳ್ಳದೆಯೇ ನೋಡಬೇಕೆಂದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹವಿದೆ.

ಇನ್ನು ನಮ್ಮ ಮಿತ್ರರ ಚಿತ್ರ. ಅದು ಬಂದದ್ದು ಚೀನಾದ ಶೆನ್‌ಝೆನ್ ನಗರದ ದಾಫೆನ್‌ನಿಂದ. 1989ರಿಂದ ಈಚೆಗೆ ಆ ಹಳ್ಳಿಯಲ್ಲಿ ಸಾವಿರಾರು ಕಲಾವಿದರು ಯೂರೋಪಿನ ಚಿತ್ರಗಳ ತೈಲವರ್ಣದ ನಕಲುಗಳನ್ನು ಕೈಯಿಂದ ಬರೆದು ಜಗತ್ತಿಗೆಲ್ಲ ಕಳಿಸುತ್ತ ಬಂದಿದ್ದಾರೆ. ಅದರ ಹತ್ತಿರದ ಕ್ಯಾಂಟನ್ ಬಂದರಿಗೆ 1785ರಲ್ಲಿ ಬಂದಿಳಿದೇ ಡೇನಿಯಲ್‌ಗಳು ಕಲ್ಕತ್ತೆಗೆ ಹೋದದ್ದು. ಲೆಕ್ಕ ಹಾಕಿ ನೋಡಿದೆ: ಸ್ಥಳದಲ್ಲಿ ಬರೆದ ಸರ್ವೆಯವನು, ತಗಡು ತಿನ್ನಿಸಿದವನು, ಬಣ್ಣ ಹಚ್ಚಿದವಳು, ಫೋಟೋ ತೆಗೆದವನು, ಕೊನೆಗೆ ದಾಫೆನ್ನಿನ ಕಲಾವಿದ. ಐದು ಕೈ ದಾಟುವಾಗ ಹಾಳೆಯ ತಿಳಿ ಬೂದು ಬಣ್ಣ ತೈಲದಲ್ಲಿ ಬಿಳುಪಾಗಿದೆ. ಬರೆದವನು ಮನಸ್ಸಿಟ್ಟೇ ಬರೆದಿದ್ದಾನೆ. ಮುಂದಿನ ಮರದ ಎಲೆಗಳನ್ನು ನೋಡಿದರೆ ತಿಳಿಯುತ್ತದೆ.

ಗುಡಿಯ ಪ್ರಶ್ನೆ ಉಳಿಯಿತು. ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿಯಿದೆ, ನರಸಿಂಹಸ್ವಾಮಿಯ ಗುಡಿಯಿದೆ. ಬರೆದವನು ನಿಂತ ಕಡೆಯಿಂದ ಅವು ಕಾಣುತ್ತಿರಲಿಲ್ಲವೇನೋ, ಅಥವಾ ಫಿರಂಗಿ ಇಡುವವರಿಗೆ ಅವು ಬೇಕಿರಲಿಲ್ಲವೇನೋ. ಊರಿಗೆ ಹೊರಡುವ ಮುಂಚೆ ಆ ತಾಯಿಯವರು ಮೊಮ್ಮಗಳನ್ನು ಕರೆದು ಚಿತ್ರದ ಮುಂದೆ ನಿಲ್ಲಿಸಿ, "ಇಲ್ಲಿ ವೀರಭದ್ರನ ಗುಡಿ, ಇಲ್ಲಿಂದ ನಿಮ್ಮ ತಾತ ಬೆಟ್ಟ ಹತ್ತುತಿದ್ರು" ಎಂದು ಬೆರಳಿಟ್ಟು ತೋರಿಸಿದರಂತೆ. ಮಿತ್ರರು ಈಗ ಚಿತ್ರವನ್ನು ಇಳಿಸಿ ಹಿಂಬದಿಗೆ ಒಂದು ಕಾಗದ ಅಂಟಿಸಿದ್ದಾರೆ. ಅದರಲ್ಲಿ ಬೆಟ್ಟದ ಹೆಸರು ಕನ್ನಡದಲ್ಲಿ, ಕೋಟೆ ಬಿದ್ದ ದಿನ, ಗುಡಿ ಇರುವ ದಿಕ್ಕು, ತಾಯಿಯವರ ಊರಿನ ಹೆಸರು ಇವೆ. ಹಿತ್ತಾಳೆಯ ತಗಡನ್ನು ಮಾತ್ರ ತೆಗೆದಿಲ್ಲ. ತೆಗೆದರೆ ಫ್ರೇಮಿನಲ್ಲಿ ಎರಡು ತೂತು ಕಾಣುತ್ತವಂತೆ.